ಮಳೆ ಬೇಡುವ ತಾರೀಖು

ಯೆಹೂದ್ಯರಿಗೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ: ಬೆಳಗ್ಗೆ ಶಹರಿತ್, ಮಧ್ಯಾಹ್ನ ಮಿನ್ಹಾ, ರಾತ್ರಿ ಮಾರಿವ್. ಮೂರಕ್ಕೂ ತಿರುಳು ಅಮಿದಾ, ಅಂದರೆ ನಿಂತು ಹೇಳುವುದು. ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ, ಪಾದ ಜೋಡಿಸಿ, ಮುಖ ಜೆರುಸಲೇಮಿನ ಕಡೆಗೆ. ತುಟಿ ಅಲುಗಬೇಕು, ಮಾತು ತನ್ನ ಕಿವಿಗೆ ಬೀಳಬೇಕು, ಪಕ್ಕದವನಿಗೆ ಕೇಳಬಾರದು. ಇದರ ಹೆಸರೇ 'ಹದಿನೆಂಟು'; ವಾರದ ದಿನಗಳಲ್ಲಿ ಎಣಿಸಿದರೆ ಸಿಗುವುದು 19 ಆಶೀರ್ವಚನ. ಒಂದು ಆಮೇಲೆ ಸೇರಿತು, ಹೆಸರು ಬದಲಾಗಲಿಲ್ಲ.

ಈ 19ರಲ್ಲಿ ಜನ ಹೆಚ್ಚು ಎಡವುವುದು ಮಳೆಯ ಎರಡು ಮಾತುಗಳಲ್ಲಿ. ಎರಡನೆಯ ಆಶೀರ್ವಚನದಲ್ಲಿ 'ಗಾಳಿ ಬೀಸಿಸುವವನು, ಮಳೆ ಸುರಿಸುವವನು' ಎಂದು ಬರುತ್ತದೆ. ಇದು ಹೊಗಳಿಕೆ. ಶರತ್ಕಾಲದ ಶೆಮಿನಿ ಅತ್ಸೆರೆತ್ ಹಬ್ಬದಿಂದ ವಸಂತದ ಪೆಸಾಹ್ ಹಬ್ಬದ ಮೊದಲ ದಿನದವರೆಗೆ ಹೇಳುತ್ತಾರೆ. ಒಂಬತ್ತನೆಯದರಲ್ಲಿ 'ಇಬ್ಬನಿ, ಮಳೆ ಕೊಡು' ಎಂಬ ಬೇಡಿಕೆ. ಇಸ್ರೇಲಿನಲ್ಲಿ ಅದು ಯೆಹೂದ್ಯ ಪಂಚಾಂಗದ ಹೆಶ್ವಾನ್ ತಿಂಗಳ 7ರಿಂದ ಶುರು. ಹಿಂದೆ ಜೆರುಸಲೇಮಿನಲ್ಲಿ ಹಬ್ಬ ಮುಗಿಸಿ ಹೊರಟ ಯಾತ್ರಿಕರಲ್ಲಿ ಕಟ್ಟಕಡೆಯವನು 15 ದಿನ ನಡೆದು ಯೂಫ್ರೆಟಿಸ್ ನದಿ ಮುಟ್ಟುವವರೆಗೆ ತಡೆದಿರಬೇಕಂತೆ. ಮಳೆ ಕೇಳುವ ಮೊದಲು ದಾರಿಯಲ್ಲಿರುವವನನ್ನು ನೆನೆದಿದ್ದಾರೆ.

ಹೊರದೇಶಗಳದ್ದು ಬಾಬಿಲೋನಿನ ಲೆಕ್ಕ: ಶರತ್ಕಾಲದ ವಿಷುವದಿಂದ, ಅಂದರೆ ಹಗಲು ರಾತ್ರಿ ಸಮವಾಗುವ ದಿನದಿಂದ, 60ನೆಯ ದಿನ. ವರ್ಷಕ್ಕೆ ಸರಿಯಾಗಿ 365 ಕಾಲು ದಿನ ಹಿಡಿದಿದ್ದರಿಂದ ಆ 'ವಿಷುವ' ಜಾರುತ್ತಾ ಬಂದು ಈಗ ಅಕ್ಟೋಬರ್ 7ರ ಸುಮಾರಿಗೆ ಬೀಳುತ್ತದೆ. ಹಾಗಾಗಿ ಬೇಡಿಕೆ ಡಿಸೆಂಬರ್ 4ರ ರಾತ್ರಿ. ಮರುವರ್ಷ ಅಧಿಕ ವರ್ಷವಾದರೆ 5ರ ರಾತ್ರಿ. 2100ರಲ್ಲಿ ಇನ್ನೊಂದು ದಿನ ಮುಂದೆ ಹೋಗಲಿದೆ.

ತೊಡಕು ಆ ರಾತ್ರಿಯೇ. ಸಂಪ್ರದಾಯದ ಪ್ರಕಾರ 13 ತುಂಬಿದ ಹತ್ತು ಗಂಡಸರು ಸೇರಿದ್ದರೆ, ಬೆಳಗ್ಗೆ ಮತ್ತು ಮಧ್ಯಾಹ್ನ ಮುಂದೆ ನಿಂತವನು ಅಮಿದಾವನ್ನು ಗಟ್ಟಿಯಾಗಿ ಮತ್ತೆ ಹೇಳುತ್ತಾನೆ. ಮರೆತವನು ಗಮನವಿಟ್ಟು ಕೇಳಿ ಸರಿಪಡಿಸಿಕೊಳ್ಳಬಹುದು. ಮಾರಿವ್‌ಗೆ ಆ ಪುನರಾವೃತ್ತಿಯೇ ಇಲ್ಲ. ಅದಕ್ಕೇ ಎಷ್ಟೋ ಕಡೆ ಅಮಿದಾಗೆ ಮುಂಚೆ ಯಾರಾದರೂ ಮೇಜು ತಟ್ಟಿ ನೆನಪಿಸುತ್ತಾರೆ.

ಆದರೂ ಮರೆತರೆ? ಹದಿನಾರನೆಯದು, 'ಪ್ರಾರ್ಥನೆ ಕೇಳುವವನು', ಬರುವಷ್ಟರಲ್ಲಿ ನೆನಪಾದರೆ ಅಲ್ಲೇ ಸೇರಿಸಬೇಕು. ಅದೂ ದಾಟಿದ್ದರೆ ಒಂಬತ್ತಕ್ಕೆ ಹಿಂತಿರುಗಬೇಕು. ಕೊನೆಯ ಮೂರು ಹೆಜ್ಜೆ ಹಿಂದಿಟ್ಟಾಗಿದ್ದರೆ ಪೂರ್ತಿ ಅಮಿದಾ ಮತ್ತೆ. 'ಹೇಳಿದೆನೋ, ಇಲ್ಲವೋ' ಎಂಬ ಅನುಮಾನ ಮೊದಲ 30 ದಿನದೊಳಗೆ ಬಂದರೆ ಹೇಳಿಲ್ಲವೆಂದೇ ಲೆಕ್ಕ, ನಾಲಿಗೆಗೆ ಹಳೆಯ ಪಾಠವೇ ರೂಢಿ. ಅದಕ್ಕೊಂದು ಉಪಾಯವೂ ಉಂಟು: ಹಿಂದುಮುಂದಿನ ಪದ ಸೇರಿಸಿ ಹೊಸ ವಾಕ್ಯವನ್ನು ಮೊದಲೇ 90 ಸಲ ಹೇಳಿಕೊಳ್ಳುವುದು. ದಿನಕ್ಕೆ ಮೂರರಂತೆ 30 ದಿನದ ಬಾಬ್ತು.

ಮುಂಬೈಯಲ್ಲಿ 1796ರಲ್ಲಿ ಬೆನೆ ಇಸ್ರೇಲ್ ಎಂಬ ಕೊಂಕಣದ ಯೆಹೂದ್ಯ ಸಮುದಾಯ ಸ್ಥಾಪಿಸಿದ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಇದೆ. ಮೃಗಶಿರಾ, ಆರಿದ್ರಾ ಮಳೆ ಹೊಡೆಯುವಾಗ ಅಲ್ಲಿ ನಡೆಯಬೇಕಾದದ್ದು ಮಳೆ ಬೇಡದ ಬೇಸಿಗೆಯ ಪಾಠ. ಡಿಸೆಂಬರಿನಲ್ಲಿ ಕೊಂಕಣದ ಆಕಾಶ ಬೆಳ್ಳಗಿರುವಾಗ ಮಳೆಯ ಬೇಡಿಕೆ. ಈ ಪ್ರಶ್ನೆ ಹೊಸದಲ್ಲ. ಹಿಂದೆ ನಿನೆವೆ ಊರಿನ ಜನ ಧರ್ಮಗುರು ರಬ್ಬಿ ಯೆಹೂದಾ ಹನಾಸಿಯವರನ್ನು ಕೇಳಿದ್ದರಂತೆ: ನಮಗೆ ನಡುಬೇಸಿಗೆಯ ತಮ್ಮುಜ್ ತಿಂಗಳಲ್ಲೂ ಮಳೆ ಬೇಕು, ಏನು ಮಾಡೋಣ? ಉತ್ತರ: ನಿಮ್ಮದು ಒಬ್ಬೊಬ್ಬರ ಅಗತ್ಯದ ಹಾಗೆ, ಹದಿನಾರನೆಯದರಲ್ಲಿ ಕೇಳಿಕೊಳ್ಳಿ. ಮುಂಗಾರು ಕೈಕೊಟ್ಟರೆ ಮುಂಬೈಯವರಿಗೂ ಜಾಗ ಅದೇ, ಒಂಬತ್ತನೆಯದಲ್ಲ.