ಕೋಟೆ ಏನನ್ನು ನೋಡುತ್ತಾ ಕೂತಿದೆ?

ಎಲ್ಲರಿಗೂ ಶರಣು ಶರಣಾರ್ಥಿ.

ವಿಶ್ವ ಪರಂಪರೆ ದಿನ, ನಮ್ಮ ಬೀದರ್ ಕೋಟೆ ಬಗ್ಗೆ ನಾಲ್ಕು ಮಾತು ಆಡಿ ಅಂದಿರಿ. ಎಷ್ಟು ಬಾಗಿಲು, ಎಷ್ಟು ಬುರುಜು ಅನ್ನೋದು ಇಲ್ಲಿ ಕೂತವರಿಗೆಲ್ಲ ಗೊತ್ತೇ ಇದೆ. ಅದಕ್ಕೆ ನಾನು ಬೇರೆ ಕೋಟೆಯಿಂದ ಶುರು ಮಾಡುತ್ತೇನೆ. ಕಾರವಾರದ ಸದಾಶಿವಗಡ.

ಹೋದ ಡಿಸೆಂಬರಿನಲ್ಲಿ ಶಾಲೆ ಮಕ್ಕಳ ಪ್ರವಾಸ ಅಲ್ಲಿಗೆ ಹೋಗಿತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸಮುದ್ರ ನೋಡಿದ್ದು ಅದೇ ಮೊದಲು. ಬಸ್ಸಿನ ಕಿಟಕಿಯಲ್ಲಿ ನೀರು ಕಂಡಾಗ ಎದ್ದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಗುಡ್ಡ ಹತ್ತಿದೆವು. ಮೇಲೆ ಕೋಟೆ ಅಂತ ಉಳಿದಿರೋದು ಕಡಿಮೆ. ಮುರಿದ ಗೋಡೆ, ಸಂದಿಯಲ್ಲಿ ಬೇರು ಬಿಟ್ಟ ಗಿಡ, ಪಾಚಿ. ಎಂಟನೇ ತರಗತಿಯ ಒಬ್ಬ ಹುಡುಗಿ ಗೋಡೆಯ ಕಲ್ಲಿನ ತೂತಿಗೆ ಬೆರಳು ಹಾಕಿ ತೆಗೆದಳು. ತುದಿಗೆ ಕೆಂಪು ಪುಡಿ ಅಂಟಿತ್ತು. "ಸರ್, ಇದು ನಮ್ಮ ಕೋಟೆ ಕಲ್ಲೇ ಅಲ್ರೀ?" ಅಂದಳು.

ಹೌದು, ಅದೇ ಕಲ್ಲು. ಕರಾವಳಿಯವರು ಚಿರೆಕಲ್ಲು ಅಂತಾರೆ, ಪುಸ್ತಕದಲ್ಲಿ ಜಂಬಿಟ್ಟಿಗೆ ಅಂತ ಬರೀತಾರೆ. ನಮ್ಮ ಬೀದರ್ ನಿಂತಿರೋದೇ ಅದರ ಮೇಲೆ. ನಮ್ಮ ಕೋಟೆಯ ಮೂರು ಸಾಲಿನ ಕಂದಕ ಕಡಿದಿರೋದೂ ಅದರಲ್ಲೇ.

ಆಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ. ಯಾವ ಕೋಟೆಗೆ ಹೋದರೂ ನಾನು ಕೇಳೋದು ಅದನ್ನೇ. ಈ ಕೋಟೆ ಏನನ್ನು ನೋಡುತ್ತಾ ಕೂತಿದೆ? ಗೋಡೆ ನೋಡಿ, ಫೋಟೋ ತೆಗೆದು ಇಳಿದುಬಿಟ್ಟರೆ ಕೋಟೆ ನೋಡಿದ ಹಾಗಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು.

ಹಾಗೆ ನಿಂತರು. ಕೆಳಗೆ ಕಾಳಿ ನದಿ ಸಮುದ್ರ ಸೇರುವ ಜಾಗ. ಆಚೆ ದಡದಲ್ಲಿ ಕಾರವಾರ ಪಟ್ಟಣ. ನಡುವೆ ಸೇತುವೆ. ಪಕ್ಕದಲ್ಲೇ ಇದ್ದ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದದ್ದು ನಿಮಗೆ ನೆನಪಿರಬೇಕು. ಮಕ್ಕಳಿಗೆ ತಾನಾಗೇ ಹೊಳೆಯಿತು. ಸಮುದ್ರದಿಂದ ನದಿಗೆ ನುಗ್ಗುವ ಒಂದು ದೋಣಿಯೂ ಈ ಗುಡ್ಡದ ಕಣ್ಣು ತಪ್ಪಿಸಿ ಹೋಗೋಕೆ ಆಗಲ್ಲ. ಸೋದೆಯ ಅರಸ ಬಸವಲಿಂಗ ನಾಯಕ ಇದನ್ನು ಕಟ್ಟಿಸಿ ಅಪ್ಪನ ಹೆಸರಿಟ್ಟ. 1752ರಲ್ಲಿ ಪೋರ್ಚುಗೀಸರು ಹಿಡಿದರು, ಮುಂದೆ ಹೈದರಾಲಿ ಹಿಡಿದ, ಆಮೇಲೆ ಇಂಗ್ಲಿಷರು. ಎಲ್ಲರಿಗೂ ಬೇಕಾಗಿದ್ದು ಈ ಗೋಡೆ ಅಲ್ಲ, ಕೆಳಗಿನ ಆ ನೀರಿನ ದಾರಿ.

ಈಗ ನಮ್ಮೂರಿಗೆ ಬನ್ನಿ. ಬೀದರ್ ಕೋಟೆ ಏನನ್ನು ನೋಡುತ್ತಿತ್ತು? ಕೆಳಗಿನ ಬಯಲು, ಹೊಲ ಅಂತೀರಿ. ನಾನು ಹೇಳುತ್ತೇನೆ, ಅದು ಕಡಲನ್ನೂ ನೋಡುತ್ತಿತ್ತು.

ಅಫನಾಸಿ ನಿಕಿತಿನ್ ಕಥೆ ಹೇಳಲೇಬೇಕು. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. 1469ರ ಸುಮಾರಿಗೆ ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಹಡಗು ಹತ್ತಿ ಕೊಂಕಣದ ಚೌಲ್ ಬಂದರಿಗೆ ಬಂದ. ಜೊತೆಗೆ ಒಂದೇ ಒಂದು ಗಂಡು ಕುದುರೆ. ಹಡಗಿನಲ್ಲಿ ಕುದುರೆ ಸಾಕೋದು ಅಂದ್ರೆ ಸುಮ್ನೆ ಅಲ್ಲ, ಮೇವು ಬೇಕು, ಕುಡಿಯೋಕೆ ಸಿಹಿನೀರು ಬೇಕು. ಅಷ್ಟು ಕಷ್ಟಪಟ್ಟು ತಂದು ಜುನ್ನರ್ ತಲುಪಿದರೆ, ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆ ಕಸಿದುಕೊಂಡ. ನಮ್ಮ ಧರ್ಮಕ್ಕೆ ಸೇರು, ಕುದುರೆಯ ಜೊತೆ ಸಾವಿರ ಹೊನ್ನೂ ಕೊಡುತ್ತೇನೆ ಅಂದ. ನಾಲ್ಕು ದಿನ ಗಡುವು. ಆಗ ನಡುವೆ ಬಂದವನು ಖೊರಾಸಾನಿನ ಒಬ್ಬ ಮುಸ್ಲಿಂ, ಮಹಮ್ಮದ್ ಅಂತ. ಅವನೇ ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟ, ಧರ್ಮವನ್ನೂ ಉಳಿಸಿಕೊಟ್ಟ. ಗುರುತು ಪರಿಚಯ ಇಲ್ಲದ ಪರದೇಶಿಗಾಗಿ ಬೇಡಿಕೊಂಡ ಮನುಷ್ಯ ಅವನು. ಅವನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ಆ ಕುದುರೆ ಕೊನೆಗೆ ಮಾರಾಟ ಆಗಿದ್ದು ಎಲ್ಲಿ? ಬೀದರಿನಲ್ಲಿ! ಅವನು ನಮ್ಮ ಅರಮನೆಯ ಏಳು ಬಾಗಿಲನ್ನೂ ನೋಡಿ ಬರೆದಿಟ್ಟ. ಪ್ರತಿ ಬಾಗಿಲಲ್ಲೂ ಕಾವಲಿನವರು, ಗುಮಾಸ್ತರು. ಒಳಗೆ ಹೋಗುವವರನ್ನು ಕೆಲವರು ಬರೆದುಕೊಂಡರೆ ಹೊರಗೆ ಬರುವವರನ್ನು ಬೇರೆಯವರು ಬರೆದುಕೊಳ್ಳುತ್ತಿದ್ದರಂತೆ.

ಅದೇ ಕಾಲದಲ್ಲಿ ಇಲ್ಲಿ ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ಇದ್ದ. ಕಾಸ್ಪಿಯನ್ ದಂಡೆಯ ಗಿಲಾನಿನವನು, ವ್ಯಾಪಾರಕ್ಕೆ ಅಂತ ದಾಭೋಳ ಬಂದರಿನಲ್ಲಿ ಇಳಿದು ಬಂದವನು. ಅವನ ಮದರಸಾ ಮುಂದೆ ನಾವು ದಿನಾ ಓಡಾಡುತ್ತೇವೆ. ಅದು ಕಟ್ಟಿ ಮುಗಿದ 1472ರಲ್ಲೇ ಅವನು ಗೋವಾ ಗೆದ್ದ. ಯಾಕೆ? ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ದೊಡ್ಡ ಬಂದರು ಅದು. ಅಷ್ಟು ದೂರದ ನೀರಿನ ಮೇಲೆ ಈ ಊರಿನ ಕಣ್ಣಿತ್ತು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಕೋಟೆ ಏನನ್ನು ನೋಡುತ್ತಾ ಕೂತಿದೆ ಅಂತ ಕೇಳಿ.

ಚೀಟಿ ಬಂತು, ಐದು ನಿಮಿಷ ಇದೆಯಂತೆ. ತೋಪು, ನೌಬಾದಿನ ಸುರಂಗ ಬಾವಿ, ಎರಡನ್ನೂ ಬಿಡುತ್ತೇನೆ. ಒಂದೇ ಮಾತು. ಆ ಹುಡುಗಿ ಕಾರವಾರದ ದಂಡೆಯಿಂದ ಒಂದು ಚಿಪ್ಪು ಆರಿಸಿ ತಂದಿದ್ದಳು. ಊರಿಗೆ ಬಂದ ಮೇಲೆ ಮಕ್ಕಳನ್ನು ನಮ್ಮ ಕೋಟೆಯೊಳಗಿನ ರಂಗೀನ್ ಮಹಲಿಗೆ ಕರೆದೊಯ್ದೆ. ಬೀಗ ತೆಗೆಸಿದೆವು, ಒಳಗೆ ಕತ್ತಲು. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಬಳ್ಳಿ ಇದೆಯಲ್ಲ, ಅದರ ಮೇಲೆ ಟಾರ್ಚ್ ಬಿಟ್ಟೆ. ಮೊದಲು ಬೆಳ್ಳಗೆ ಕಂಡಿತು. ಬೆಳಕು ಸ್ವಲ್ಪ ಸರಿಸಿದರೆ ಹಸಿರು, ಇನ್ನೂ ಸರಿಸಿದರೆ ಗುಲಾಬಿ. ಹುಡುಗಿ ತನ್ನ ಚಿಪ್ಪಿನ ಒಳಮೈಯನ್ನು ಪಕ್ಕಕ್ಕೆ ಹಿಡಿದಳು. ಯಾರೂ ಮಾತಾಡಲಿಲ್ಲ.

ಈ ಭಾನುವಾರ ಬೆಳಿಗ್ಗೆ ಕೋಟೆಯ ಶರ್ಜಾ ದರವಾಜದ ಹತ್ತಿರ ಸೇರೋಣ. ಮನೆ ಮಕ್ಕಳನ್ನೂ ಕರೆತನ್ನಿ. ಕುಡಿಯೋಕೆ ನೀರು ತನ್ನಿ. ಟಾರ್ಚ್ ಮಾತ್ರ ಮರೀಬೇಡಿ.