ಕೆಟ್ಟ ಸ್ಲೈಡ್ ಓದಲು ಬಲ್ಲ ಶಿಕ್ಷಕರು

ಎಲ್ಲರಿಗೂ ನಮಸ್ಕಾರ.

ಮುಂದೆ ಜೀವಶಾಸ್ತ್ರ ಕಲಿಸಲು ಹೊರಟವರು ನೀವು. ಸೂಕ್ಷ್ಮದರ್ಶಕದ ರೆಡಿಮೇಡ್ ಸ್ಲೈಡ್‌ಗಳ ಪೆಟ್ಟಿಗೆ ಕಪಾಟಿನಲ್ಲೇ ಇದೆ, ಅದನ್ನು ಯಾಕೆ ಇನ್ನೂ ತೆಗೆದಿಲ್ಲ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅದರಲ್ಲಿರುವ ಕಾಂಡದ ಸ್ಲೈಡ್ ತುಂಬಾ ಚೆನ್ನಾಗಿದೆ. ನೀರು ಸಾಗಿಸುವ ಕ್ಸೈಲಮ್ ಕೆಂಪಗೆ, ಉಳಿದ ಜೀವಕೋಶಗಳ ಗೋಡೆ ಹಸಿರಾಗಿ ಕಾಣುತ್ತದೆ. ಅದನ್ನು ನೋಡಿದ ಮಗು, ಗಿಡದ ಒಳಗೆ ನಿಜವಾಗಿಯೂ ಈ ಬಣ್ಣಗಳಿವೆ ಅಂತಲೇ ನಂಬುತ್ತದೆ. ಗಟ್ಟಿ ಮಾಡುವ ಲಿಗ್ನಿನ್ ಇರುವ ಗೋಡೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಿಡಿಯುತ್ತದೆ, ಸೆಲ್ಯುಲೋಸ್ ಗೋಡೆಗೆ ಫಾಸ್ಟ್ ಗ್ರೀನ್ ಎಂಬ ಹಸಿರು ಬಣ್ಣ ಹಿಡಿಯುತ್ತದೆ. ಬಣ್ಣ ನಾವು ಹಾಕಿದ್ದು. ಕೈಯಾರೆ ಬಣ್ಣ ಹಾಕಿದವರಿಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ತರಗತಿಯಲ್ಲಿ ಮಕ್ಕಳು ಮಾಡುವ ಸ್ಲೈಡ್‌ಗಳಲ್ಲಿ ಹೆಚ್ಚಿನವು ಕೆಡುತ್ತವೆ. ಆಗ ‘ಸರಿಯಾಗಿಲ್ಲ, ಇನ್ನೊಂದು ಮಾಡು’ ಎಂದರೆ ಸಾಲದು. ಯಾಕೆ ಕೆಟ್ಟಿತು ಅಂತ ನೋಡಿ ಹೇಳುವ ಶಕ್ತಿ ಶಿಕ್ಷಕರಿಗೆ ಬೇಕು. ಅದು ಬರಲು ಬೇರೆ ದಾರಿಯಿಲ್ಲ, ನೀವೇ ಮಾಡಬೇಕು.

ಈರುಳ್ಳಿ ಸಿಪ್ಪೆಯನ್ನೇ ತೆಗೆದುಕೊಳ್ಳಿ. ಎಲ್ಲಕ್ಕಿಂತ ಸುಲಭದ್ದು, ಅಲ್ವಾ? ಒಳಪದರದಿಂದ ತೆಳು ಪೊರೆ ಬಿಡಿಸಿ, ನೀರಿನ ಹನಿಯಲ್ಲಿ ಹರಡಿ, ಅಯೋಡಿನ್ ಹಾಕುತ್ತೇವೆ. ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್ ಸ್ಲಿಪ್ಪಿನ, ಒಂದು ಅಂಚನ್ನು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸುತ್ತೇವೆ. ನೇರವಾಗಿ ಮೇಲಿನಿಂದ ಬಿಟ್ಟರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮಗು ಸೂಕ್ಷ್ಮದರ್ಶಕದಲ್ಲಿ ಆ ಗುಳ್ಳೆ ನೋಡಿ, ‘ದೊಡ್ಡ ದುಂಡು ಜೀವಕೋಶ’ ಅಂತ ಚಿತ್ರ ಬರೆಯುತ್ತದೆ. ಕೂಡಲೇ ತಪ್ಪು ಅನ್ನಬೇಡಿ. ಅಂಚು ಎಷ್ಟು ದಪ್ಪಗೆ, ಕಪ್ಪಗೆ ಇದೆ ನೋಡು ಅನ್ನಿ. ಕವರ್ ಸ್ಲಿಪ್ಪನ್ನು ಸೂಜಿಯ ಹಿಡಿಯಿಂದ ಮೆಲ್ಲಗೆ ಒತ್ತಲು ಹೇಳಿ. ಗುಳ್ಳೆ ಆಕಾರ ಬದಲಿಸುತ್ತದೆ, ಕೆಲವೊಮ್ಮೆ ಜಾರಿ ಹೋಗುತ್ತದೆ. ಜೀವಕೋಶ ಸಾಲಿನಲ್ಲೇ ಇರುತ್ತದೆ. ಗುಳ್ಳೆ ಯಾವುದು ಅಂತ ಮಗುವೇ ಕಂಡುಕೊಂಡಿತು.

ಕಾಂಡ ಕತ್ತರಿಸುವಾಗ ಎಲ್ಲರಿಗೂ ಪೂರ್ತಿ ದುಂಡಗಿನ ತುಂಡೇ ಬೇಕು. ಆ ಆಸೆ ಬಿಡಿ. ಗಿಡದ ಹೆಚ್ಚಿನ ಜೀವಕೋಶಗಳ ಅಗಲ 10ರಿಂದ 100 ಮೈಕ್ರೋಮೀಟರ್ (ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರ್). ತುಂಡು ಅದಕ್ಕಿಂತ ದಪ್ಪವಾದರೆ ಜೀವಕೋಶಗಳು ಒಂದರ ಮೇಲೊಂದು ಕೂತು, ಬರೀ ಮಬ್ಬು ಕಾಣುತ್ತದೆ. ಒಂದು ಕಡೆ ಮಾತ್ರ ತೆಳುವಾದ ಅರ್ಧ ತುಂಡು, ದಪ್ಪಗಿನ ಪೂರ್ತಿ ವೃತ್ತಕ್ಕಿಂತ ಎಷ್ಟೋ ಮೇಲು. ಎಳೆ ಕಾಂಡವನ್ನು ಕ್ಯಾರೆಟ್ ತುಂಡಿನ ಸೀಳಿನಲ್ಲಿ ಹಿಡಿಯಿರಿ. ಬ್ಲೇಡ್ ಒದ್ದೆಯಾಗಿರಲಿ. ಗರಗಸದಂತೆ ಹಿಂದೆ ಮುಂದೆ ಆಡಿಸದೆ ಒಂದೇ ಕಡೆಗೆ ಎಳೆಯಿರಿ. 1665ರಲ್ಲಿ ಕಾರ್ಕಿನ ಕೋಶಗಳ ಬಗ್ಗೆ ಬರೆದ ರಾಬರ್ಟ್ ಹುಕ್ ಕೂಡ ಮೊದಲು ಚಾಕುವನ್ನು ಕ್ಷೌರದ ಕತ್ತಿಯಷ್ಟು ಹರಿತ ಮಾಡಿಕೊಂಡಿದ್ದರು. ಕಾರ್ಕ್ ಬಿಳಿಯಾದ್ದರಿಂದ ತುಂಡನ್ನು ಕಪ್ಪು ತಟ್ಟೆಯ ಮೇಲಿಟ್ಟು ನೋಡಿದರು. ಲೆನ್ಸಿನಷ್ಟೇ ಪಾಲು ಕತ್ತಿಗೂ ಇತ್ತು ಅಂತ ನನಗನಿಸುತ್ತದೆ.

ಕೋಶ ವಿಭಜನೆ ತೋರಿಸಲು ಈರುಳ್ಳಿ ಬೇರಿನ ತುದಿ ಬಳಸುತ್ತೇವೆ. ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಟ್ಟು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದು ಮಾಡಿ, ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ ಒತ್ತುತ್ತೇವೆ. ಇಲ್ಲಿ ಕೆಟ್ಟ ಸ್ಲೈಡ್ ತಾನೇ ಎಲ್ಲವನ್ನೂ ಹೇಳುತ್ತದೆ. ಜೀವಕೋಶಗಳು ಉದ್ದುದ್ದ ಇದ್ದು, ಎಲ್ಲೂ ವಿಭಜನೆ ಕಾಣದಿದ್ದರೆ ತುದಿಯ ಬದಲು ಮೇಲಿನ ಭಾಗ ತೆಗೆದುಕೊಂಡಿದ್ದೀರಿ. ವಿಭಜನೆ ನಡೆಯುವುದು ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ. ಗುಂಪು ಗುಂಪಾಗಿ ಅಂಟಿಕೊಂಡಿದ್ದರೆ ಆಮ್ಲದ ಕೆಲಸ ಸಾಲಲಿಲ್ಲ, ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್ ಕರಗಿಲ್ಲ. ಸುರುಳಿ ಸುತ್ತಿಕೊಂಡಿದ್ದರೆ ಒತ್ತುವಾಗ ಬೆರಳು ಪಕ್ಕಕ್ಕೆ ಜಾರಿದೆ. ಎಲ್ಲ ಸರಿಯಾಗಿದ್ದರೂ ಹೆಚ್ಚಿನ ಜೀವಕೋಶಗಳು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುತ್ತವೆ. ಅದು ದೋಷವಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಸುಮ್ನೆ ನಿರಾಸೆಯಾಗುತ್ತದೆ.

ಪ್ರಾಣಿ ಜೀವಕೋಶಕ್ಕೆ ಬಂದರೆ ಎಚ್ಚರ ಜಾಸ್ತಿ ಬೇಕು. ಗೋಡೆ ಇಲ್ಲ. ಸಸ್ತನಿಯ ಕೆಂಪು ರಕ್ತಕಣ ಬರೀ ನೀರಿನಲ್ಲಿ ಉಬ್ಬಿ ಒಡೆಯುತ್ತದೆ, ಅದಕ್ಕೇ ಶೇ. 0.9ರ ಉಪ್ಪಿನ ದ್ರಾವಣ. ಹಾಗಾದರೆ ಈರುಳ್ಳಿ ಪೊರೆ ನೀರಿನಲ್ಲಿ ಯಾಕೆ ಒಡೆಯಲಿಲ್ಲ? ಈ ಪ್ರಶ್ನೆಯನ್ನು ಖಂಡಿತ ಕೇಳಿ. ಕೋಶಗೋಡೆಯ ಪಾಠ ಅಲ್ಲೇ ಇದೆ. ಆದರೆ ಮಕ್ಕಳಿಂದ ರಕ್ತ ತೆಗೆಸಬೇಡಿ, ಸೋಂಕಿನ ಅಪಾಯವಿದೆ. ಕೆನ್ನೆಯ ಒಳಪದರದ ಜೀವಕೋಶ ಸಾಕು. ಕಡ್ಡಿಯ ಮೊಂಡು ತುದಿ, ಒಂದು ಹನಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ತೆಗೆಯಲಿ, ಬಳಸಿದ ಕಡ್ಡಿ ನೇರವಾಗಿ ಬ್ಲೀಚ್ ದ್ರಾವಣಕ್ಕೆ ಹೋಗಲಿ.

ಒಂದು ಸ್ಲೈಡಿಗಾಗಿ ಪ್ರಾಣಿ ಕೊಲ್ಲುವುದನ್ನು ನಾನು ಒಪ್ಪುವುದಿಲ್ಲ. ಕೊಳದ ನೀರಿನ ಏಕಕೋಶ ಜೀವಿ ಪ್ಯಾರಮೀಸಿಯಂ ಜೀವಂತವಾಗಿಯೇ ಕಾಣಲಿ. ಓಡಾಟ ಜಾಸ್ತಿಯಾದರೆ ಹತ್ತಿಯ ಕೆಲವು ಎಳೆ ಹಾಕಿ, ಅವುಗಳ ನಡುವೆ ಸಿಕ್ಕು ನಿಧಾನವಾಗುತ್ತದೆ. ತಾನಾಗಿ ಸತ್ತು ಬಿದ್ದ ಕೀಟದ ಕಾಲು, ಬಾಯಿಯ ಭಾಗಗಳೂ ಚೆನ್ನಾಗಿ ಬರುತ್ತವೆ.

ಬಹುಕಾಲ ಇಡುವ ಶಾಶ್ವತ ಸ್ಲೈಡಿನ ಬಗ್ಗೆ ಇವತ್ತು ಒಂದೇ ಮಾತು. ಆಲ್ಕೋಹಾಲಿನಲ್ಲಿ ನೀರು ತೆಗೆದ ತುಂಡನ್ನು ಕ್ಸೈಲೀನ್ ಎಂಬ ದ್ರಾವಕಕ್ಕೆ ಹಾಕಿದಾಗ ಹಾಲಿನಂತೆ ಮಬ್ಬಾದರೆ ಒಳಗೆ ನೀರು ಉಳಿದಿದೆ, ಮತ್ತೆ ಶುದ್ಧ ಆಲ್ಕೋಹಾಲಿಗೆ ಹಾಕಿ. ಕ್ಸೈಲೀನ್, ಮಾದರಿ ಕೆಡದಂತೆ ಇಡುವ ಫಾರ್ಮಾಲಿನ್, ಎರಡರ ಆವಿಯೂ ಕೆಟ್ಟದ್ದು. ಫಾರ್ಮಾಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲದು. ಈ ಕೆಲಸ ಶಾಲೆಯ ಮಕ್ಕಳ ಕೈಗೆ ಕೊಡಬೇಡಿ.

ಈಗ ಮೇಜಿನ ಹತ್ತಿರ ಹೋಗೋಣ. ಎಲ್ಲರೂ ಈರುಳ್ಳಿಯ ಮೂರು ಸ್ಲೈಡ್ ಮಾಡಿ. ಒಂದು ಸರಿಯಾದದ್ದು. ಎರಡನ್ನು ಬೇಕೆಂದೇ ಕೆಡಿಸಿ: ಗಾಳಿ ಬಿಡಿ, ಪೊರೆ ಮಡಚಿ, ಬಣ್ಣ ಅತಿಯಾಗಿ ಹಾಕಿ, ನಿಮ್ಮಿಷ್ಟ. ಏನು ಮಾಡಿದಿರಿ ಅಂತ ಹೇಳದೆ ಪಕ್ಕದವರಿಗೆ ಕೊಡಿ. ಕಾರಣ ಅವರು ಕಂಡುಹಿಡಿದು ಬರೆಯಬೇಕು. ನನಗೆ ಆ ಹಾಳೆಗಳನ್ನು ಕೊಡಿ, ಚಿತ್ರ ಆಮೇಲೆ ನೋಡೋಣ.