ಸತ್ತವರ ಹೆಸರು ಓದಿದ ಮೇಲೆ

ನಮಸ್ಕಾರ, ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ.

ಪ್ರತಿ ನವೆಂಬರ್ 20ಕ್ಕೆ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಸೇರುತ್ತಾರೆ. ಆ ವರ್ಷ ಕೊಲೆಯಾದ ಟ್ರಾನ್ಸ್‌ಜೆಂಡರ್ ಜನರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಇದು ಶುರುವಾಗಿದ್ದು ರೀಟಾ ಹೆಸ್ಟರ್ ನೆನಪಿಗೆ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಕಪ್ಪು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂದರೂ ಹೆಣ್ಣಾಗಿ ಬದುಕಿದವರು. 1998ರ ನವೆಂಬರ್‌ನಲ್ಲಿ ಅವರನ್ನು ಮನೆಯೊಳಗೇ ಇರಿದು ಕೊಂದರು. ಸತ್ತ ಮೇಲೂ ಅಲ್ಲಿನ ಪತ್ರಿಕೆಗಳು ಅವರನ್ನು ಗಂಡು ಅಂತಲೇ ಬರೆದವು. ಮರುವರ್ಷ ಟ್ರಾನ್ಸ್ ಹೋರಾಟಗಾರ್ತಿ ಗ್ವೆಂಡೊಲಿನ್ ಆನ್ ಸ್ಮಿತ್ ಈ ಸ್ಮರಣೆ ಆರಂಭಿಸಿದರು.

ಒಳ್ಳೆಯ ಕೆಲಸವೇ. ಆದರೆ ನನ್ನದೊಂದು ತಕರಾರಿದೆ. ಆ ಪಟ್ಟಿಗೆ ಸೇರಬೇಕಾದರೆ ಸಾಯಲೇಬೇಕು. ಏಟು ತಿಂದೂ ಬದುಕಿರುವವರ ಲೆಕ್ಕ ಎಲ್ಲಿದೆ?

ಪುಸ್ತಕಗಳಲ್ಲಿದೆ. ಟ್ರಾನ್ಸ್ ಮಹಿಳೆ, ಲೇಖಕಿ ಎ. ರೇವತಿ ಅವರ ಆತ್ಮಕಥೆ ಓದಿ. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದಿದ್ದಾರೆ. ಹೆಣ್ಣಾಗಿ ಬದುಕಲು ಮನೆ ಬಿಟ್ಟು ಹೋದವರು ವಾಪಸ್ ಬಂದಾಗ, ಅಣ್ಣ ಕ್ರಿಕೆಟ್ ಬ್ಯಾಟ್ ಹಿಡಿದು ಬಡಿಯುತ್ತಾನೆ. ಯಾರೋ ಬೀದಿ ರೌಡಿ ಅಲ್ಲ, ಒಡಹುಟ್ಟಿದವನು! ಮುಂದೆ ಬೆಂಗಳೂರಿನಲ್ಲಿ ಪೊಲೀಸರ ಕೈಯಲ್ಲಿ ಪಟ್ಟ ಪಾಡೂ ಅದರಲ್ಲಿದೆ. ಆ ಪುಟಗಳನ್ನು ಒಂದೇ ಸಲಕ್ಕೆ ಓದಿ ಮುಗಿಸುವುದು ಕಷ್ಟ. ಹೆಗ್ಗೋಡಿನ ಜನಮನದಾಟ ತಂಡ ಇದನ್ನು ನಾಟಕವಾಗಿಯೂ ಆಡಿದೆ.

ಕಾನೂನು ಇದೆಯಲ್ಲ ಅಂತೀರಾ? ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆ ಅಂತ 2019ರ ಕಾಯ್ದೆ ಮಾಡುವಾಗ ಟ್ರಾನ್ಸ್ ವ್ಯಕ್ತಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಹೆಚ್ಚೆಂದರೆ 2 ವರ್ಷ ಜೈಲು ಅಂತ ಇಟ್ಟರು. ಹೆಂಗಸಿನ ಮೇಲೆ ಅತ್ಯಾಚಾರವಾದರೆ ಕಡಿಮೆ ಅಂದರೂ 10 ವರ್ಷ. ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ ನೋಡಿ.

ಇನ್ನು ನಮ್ಮ ಜಿಲ್ಲೆಯ ಮಾತು. ಕಡೂರು ತಾಲೂಕಿನ ಪಂಚನಹಳ್ಳಿಯ ನಟ ಸಂಚಾರಿ ವಿಜಯ್‌ಗೆ ‘ನಾನು ಅವನಲ್ಲ ಅವಳು’ ಸಿನಿಮಾದ ಟ್ರಾನ್ಸ್ ಮಹಿಳೆಯ ಪಾತ್ರಕ್ಕೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಹೆಮ್ಮೆ ಪಟ್ಟೆವು, ಪಡಲೇಬೇಕು. 2021ರಲ್ಲಿ ವಿಜಯ್ ತೀರಿಕೊಂಡಾಗ ಅತ್ತೆವು. ಆದರೆ ಅದು ಯಾರ ಬದುಕಿನ ಕಥೆ ಅಂತ ಕೇಳಿದರೆ ಎಷ್ಟು ಜನ ಹೇಳುತ್ತಾರೆ? ಲಿವಿಂಗ್ ಸ್ಮೈಲ್ ವಿದ್ಯಾ ಅವರದು. ಅವರೇ ಬರೆದ ಆತ್ಮಕಥೆ ಸಿನಿಮಾ ಆಗಿದ್ದು. ಪಾತ್ರಕ್ಕೆ ಚಪ್ಪಾಳೆ ತಟ್ಟಿದ ನಾವೇ ಬಸ್ ಸ್ಟ್ಯಾಂಡ್‌ನಲ್ಲಿ ಮಂಗಳಮುಖಿಯರು ಬಂದರೆ ಕಿಟಕಿ ಎಳೆದುಕೊಳ್ಳುತ್ತೇವೆ, ಅಲ್ವಾ?

ಹಾಗಾಗಿ ನವೆಂಬರ್ 20ಕ್ಕೆ ನಮ್ಮೂರಲ್ಲೂ ಸೇರೋಣ. ಹೆಸರುಗಳನ್ನು ಓದೋಣ. ಆಮೇಲೆ ರೇವತಿಯವರ ಆ ಬ್ಯಾಟಿನ ಪುಟವನ್ನೂ ಗಟ್ಟಿಯಾಗಿ ಓದೋಣ. ಕಾಲೇಜು ಹುಡುಗರು ಹೇಗೂ ಬರುತ್ತಾರೆ. ನನಗೆ ಬೇಕಾಗಿರುವುದು ಅಪ್ಪಂದಿರು, ಅಣ್ಣಂದಿರು.